ಕರಿಯ ಮೇಲೆ ಬಿಳಿ ಅಕ್ಷರ

ಕೊಟ್ಟೂರಿನಲ್ಲಿ ಸಂಜೆಯ ಮಾತು ಶುರುವಾಗುವುದು ಮಂಡಕ್ಕಿಯಿಂದ. ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ, ಅದನ್ನು ಕಟ್ಟಿಕೊಟ್ಟ ಹಳೇ ಪತ್ರಿಕೆಯ ತುಂಡು. ತಿಂದು ಮುಗಿದ ಮೇಲೆ ಎಣ್ಣೆ ಹೀರಿದ ಆ ತುಂಡನ್ನು ಬಿಡಿಸಿ ಓದುವವರು ನಮ್ಮ ಕಟ್ಟೆಯಲ್ಲಿ ಮೂವರಾದರೂ ಇದ್ದೇವೆ. ಯಾವ ಊರಿನ ಸುದ್ದಿಯೋ, ಯಾವ ತಿಂಗಳದ್ದೋ, ಸರಿಯಾಗಿ ಅರ್ಧ ವಾಕ್ಯಕ್ಕೆ ಹರಿದಿರುತ್ತದೆ. ಉಳಿದರ್ಧ ಎಲ್ಲಿ ಹೋಯಿತು ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ? ನನಗಂತೂ ಬಹಳ ಸಲ ಅನ್ನಿಸಿದೆ.

ಈ ಹರಟೆಗೂ ಅಂಥದೊಂದು ಸಂಜೆಯೇ ಮೂಲ. ಭರತ ಹುಣ್ಣಿಮೆ ಕಳೆದು ಮೈಲಾರದ ಕಾರ್ಣಿಕವೂ ಮುಗಿದಿತ್ತು. ಕಾರ್ಣಿಕ ನೋಡದವರಿಗಾಗಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಡೆಂಕನಮರಡಿ ಎಂಬ ಬಯಲಿದೆ. ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಅಷ್ಟು ಜನರ ನಡುವೆ ಅಂಥ ಮೌನವನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವನು ಒಂದೇ ಒಂದು ಮಾತು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಒಂದು ಮಾತನ್ನು ಹಿಡಿದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಸೀಮೆಯವರು ವರ್ಷವಿಡೀ ಅರ್ಥ ಬಿಡಿಸುತ್ತಾರೆ. ಮಳೆಗೊಂದು ಅರ್ಥ, ರಾಜಕೀಯಕ್ಕೊಂದು ಅರ್ಥ, ಮೆಕ್ಕೆಜೋಳದ ರೇಟಿಗೊಂದು ಅರ್ಥ.

“ಈ ವರ್ಷದ್ದು ಬಿಡ್ರಿ ಮೇಷ್ಟ್ರೇ,” ಅಂದರು ಕಟ್ಟೆಯ ಹಿರಿಯರೊಬ್ಬರು, “ಎಪ್ಪತ್ತೊಂದನೇ ಇಸವಿ ಕಾರ್ಣಿಕ ಏನಾಗಿತ್ತು ಹೇಳ್ರಿ ನೋಡೋಣ. ಯುದ್ಧ ಆದ ವರ್ಷ.”

ಒಬ್ಬರು ಅದು ಮಳೆಯ ಮಾತು ಅಂದರು. ಇನ್ನೊಬ್ಬರು ಅಲ್ಲ, ಸಿಂಹಾಸನದ ಮಾತು ಅಂದರು. ಮೂರನೆಯವರು ತಾವು ಅಪ್ಪನ ಹೆಗಲ ಮೇಲೆ ಕೂತು ಕಿವಿಯಾರೆ ಕೇಳಿದ್ದಾಗಿ ಆಣೆ ಮಾಡಿದರು. ಕೇಳಿದ್ದೇನು ಎಂದರೆ ಮಾತ್ರ ನೆನಪಿರಲಿಲ್ಲ. ಅಲ್ಲ, ಪ್ರತಿ ವರ್ಷ ನಾಡೆಲ್ಲ ಕಿವಿಗೊಟ್ಟು ಕೇಳುವ ಮಾತು ಐವತ್ತು ವರ್ಷದಲ್ಲಿ ಹೀಗೆ ಗಾಳಿಗೆ ಹೋಗಿಬಿಡುತ್ತದೆಯೇ? ಎಲ್ಲೋ ಒಂದು ಕಡೆ ಅಚ್ಚಾಗಿರಬೇಕಲ್ಲ? ಮರುದಿನದ ಪತ್ರಿಕೆಯಲ್ಲಿ ಬಂದೇ ಬಂದಿರುತ್ತದೆ. ಆ ಪತ್ರಿಕೆ ಈಗ ಎಲ್ಲಿದೆ? ಯಾವುದೋ ಮಂಡಕ್ಕಿ ಪೊಟ್ಟಣವಾಗಿ ಎಂದೋ ಮುಗಿದಿರುತ್ತದೆ. ಉಳಿದಿದ್ದರೂ ಕಾಗದ ಹಾಗೆಯೇ ಇರುವುದಿಲ್ಲ. ಸುದ್ದಿಪತ್ರಿಕೆಯ ಕಾಗದವನ್ನು ಮಾಡುವುದು ಮರದ ತಿರುಳಿನಿಂದ. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಹಳದಿ, ಐವತ್ತಕ್ಕೆ ಹಪ್ಪಳ. ಗೆದ್ದಲು ಬರದಿದ್ದರೂ ಅದು ತಾನಾಗಿ ಪುಡಿಯಾಗುತ್ತದೆ.

ಹೀಗಾಗಿ ನಾನು ಒಂದು ದೊಡ್ಡೂರಿನ ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ಅಲ್ಲಿನ ಗ್ರಂಥಪಾಲಕರು ನನ್ನ ಚೀಟಿ ನೋಡಿ, “ಎಪ್ಪತ್ತೊಂದರ ಪತ್ರಿಕೆ ಕಾಗದದಲ್ಲಿ ಕೊಡೋದಿಲ್ಲ ಸರ್, ಮುಟ್ಟಿದರೆ ಮುರಿಯುತ್ತೆ. ಮೈಕ್ರೋಫಿಲ್ಮ್ ಇದೆ, ನೋಡ್ತೀರಾ?” ಎಂದು ಒಂದು ಪುಟ್ಟ ಡಬ್ಬಿ ತಂದಿಟ್ಟರು. ಅಂಗೈ ಮೇಲೆ ಕೂರುವಷ್ಟು ಡಬ್ಬಿ. ಅದರೊಳಗೆ 35 ಮಿಲಿಮೀಟರ್ ಅಗಲದ, 30 ಮೀಟರ್ ಉದ್ದದ ಫಿಲ್ಮಿನ ಸುರುಳಿ. ಅಂಥ ಒಂದು ಸುರುಳಿಯಲ್ಲಿ ಪತ್ರಿಕೆಯ 600–700 ಪುಟ ಕೂರುತ್ತವೆ. ಆಗಿನ ಪತ್ರಿಕೆಗೆ ಪುಟಗಳೂ ಕಡಿಮೆ. ಹಾಗಾಗಿ ಎರಡು ಮೂರು ತಿಂಗಳ ಜಗತ್ತು ಒಂದು ಡಬ್ಬಿಯೊಳಗೆ.

ಯಂತ್ರವನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ನೀವು ನಂಬಬೇಕು, ಅಂಥದೊಂದನ್ನು ನಾವು ಹುಡುಗರಾಗಿದ್ದಾಗ ಕೊಟ್ಟೂರಿನಲ್ಲೇ ಮಾಡಿದ್ದೆವು. ಕೊಟ್ಟೂರೇಶ್ವರನ ತೇರಿನ ಕಾಲಕ್ಕೆ ಟೆಂಟ್ ಸಿನಿಮಾ ಬರುತ್ತಿತ್ತು. ಆಪರೇಟರ್ ಕೋಣೆಯ ಹಿಂದೆ, ಹರಿದು ಅಂಟಿಸುವಾಗ ಕತ್ತರಿಸಿ ಬಿಸಾಡಿದ ರೀಲಿನ ತುಂಡುಗಳು ಬಿದ್ದಿರುತ್ತಿದ್ದವು. ಅವಕ್ಕಾಗಿ ನಾವು ಕಾದು ಕೂರುತ್ತಿದ್ದೆವು. ಹೋಗಿರುವ ಬಲ್ಬಿನ ಟೊಪ್ಪಿಗೆ ಬಿಚ್ಚಿ, ಒಳಗಿನ ತಂತಿ ತೆಗೆದು, ನೀರು ತುಂಬಿದರೆ ಅದೇ ಮಸೂರ. ಹೊರಗೆ ಬಿಸಿಲಲ್ಲಿ ಒಬ್ಬ ಕನ್ನಡಿ ಹಿಡಿದು ಬೆಳಕನ್ನು ಕಿಟಕಿಯ ಸಂದಿಯೊಳಗೆ ಬಿಡಬೇಕು. ಕತ್ತಲ ಕೋಣೆಯಲ್ಲಿ ಇನ್ನೊಬ್ಬ ಬಲ್ಬಿನ ಹಿಂದೆ ರೀಲಿನ ತುಂಡನ್ನು ತಲೆಕೆಳಗಾಗಿ ಹಿಡಿಯಬೇಕು. ಗೋಡೆಗೆ ಕಟ್ಟಿದ ಅಜ್ಜನ ಬಿಳಿ ಪಂಚೆಯ ಮೇಲೆ ರಾಜಕುಮಾರ್ ಮೂಡುತ್ತಿದ್ದರು. ಅಲುಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಆದರೂ ಅದು ನಮ್ಮದೇ ಟಾಕೀಸು. ಕನ್ನಡಿ ಹಿಡಿದವನ ಕೈ ಸೋತರೆ ಸಿನಿಮಾ ಗೋಡೆಯಿಂದ ತೊಲೆಗೆ ಹಾರುತ್ತಿತ್ತು.

ಗ್ರಂಥಾಲಯದ ಯಂತ್ರದಲ್ಲೂ ಇರುವುದು ಇಷ್ಟೇ. ಕೆಳಗೊಂದು ದೀಪ, ನಡುವೆ ಫಿಲ್ಮನ್ನು ಒತ್ತಿ ಹಿಡಿಯುವ ಎರಡು ಗಾಜು, ಮೇಲೊಂದು ಮಸೂರ, ಎದುರಿಗೆ ಪರದೆ. ಎಡಗಡೆಯ ಕಡ್ಡಿಗೆ ಸುರುಳಿ ಸಿಕ್ಕಿಸಿ, ತುದಿಯನ್ನು ಗಾಜಿನ ನಡುವೆ ನುಸುಳಿಸಿ, ಬಲಗಡೆಯ ಖಾಲಿ ಸುರುಳಿಗೆ ಕಟ್ಟಿ, ಹಿಡಿ ತಿರುಗಿಸಬೇಕು. ಬಿಸಿ ದೀಪವನ್ನು ತಣಿಸುವ ಫ್ಯಾನು ಒಂದೇ ಶ್ರುತಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಕೋಣೆಯಲ್ಲಿ ಇನ್ನೊಂದು ಸದ್ದಿಲ್ಲ. ಒಳಗೆ ಕಾಲಿಡುವಾಗಲೇ ಯಾರೋ ‘ಸದ್ದಲೇ’ ಅಂದಂತೆ.

ಮೊದಲ ಪುಟ ಪರದೆಯ ಮೇಲೆ ಬಂದಾಗ ಎದೆ ಝಲ್ ಎಂದಿತು. ಎಲ್ಲ ಕರಿ. ಅಕ್ಷರ ಮಾತ್ರ ಬಿಳಿ. ಅದು ನೆಗೆಟಿವ್ ಫಿಲ್ಮು. ನಮ್ಮ ಮದುವೆ ಫೋಟೋಗಳ ನೆಗೆಟಿವ್ ಹೇಗಿರುತ್ತಿತ್ತೋ ಹಾಗೆ. ಸುದ್ದಿಯ ಸಾಲುಗಳನ್ನು ಓದಬಹುದು. ಫೋಟೋದಲ್ಲಿರುವ ಮಂತ್ರಿಗಳಿಗೆ ಮಾತ್ರ ಬಿಳಿ ಕೂದಲು ಕರಿ ಹಲ್ಲು. ಪಕ್ಕದಲ್ಲಿ ಕೂತಿದ್ದ ಎಳೆಯ ಸಂಶೋಧಕಿಯೊಬ್ಬಳು, “ಕಣ್ಣು ನೋಯ್ತದೆ ಸರ್, ಅರ್ಧ ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ” ಅಂದಳು. ಒಳ್ಳೆಯ ಸಲಹೆ. ಹಿಡಿಯನ್ನು ಜೋರಾಗಿ ತಿರುಗಿಸಿದರೆ ಪುಟಗಳು ಓಡುವ ಭರಕ್ಕೆ ಬಸ್ಸಿನಲ್ಲಿ ಘಾಟಿ ಇಳಿದಂತೆ ತಲೆ ಸುತ್ತುತ್ತದೆ.

ಆದರೆ ಕರಿಯ ಮೇಲೆ ಬಿಳಿ ನಮಗೆ ಹೊಸದೇ ಹೇಳಿ? ನಾವೆಲ್ಲ ಅಕ್ಷರ ಕಲಿತದ್ದು ಪಾಟಿಯ ಮೇಲೆ ಬಳಪದಿಂದ. ಅದಕ್ಕೂ ಹಿಂದೆ, ನಮ್ಮ ಶಾನುಭೋಗರೂ ಅಂಗಡಿ ಸಾಹುಕಾರರೂ ಲೆಕ್ಕ ಬರೆದದ್ದು ಕಡತದಲ್ಲಿ. ಕಡತ ಎಂದರೆ ಇಂದು ಕಚೇರಿಯ ಫೈಲು. ತಹಶೀಲ್ದಾರರ ಕಚೇರಿಯಲ್ಲಿ ಕಡತ ವಿಲೇವಾರಿ, ಕಡತ ನಾಪತ್ತೆ ಅನ್ನುವಾಗ ಆ ಶಬ್ದದ ಹುಟ್ಟೂರು ಯಾರಿಗೂ ನೆನಪಾಗುವುದಿಲ್ಲ. ನಿಜವಾದ ಕಡತ ಬಟ್ಟೆಯದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಕರ್ರಗೆ ಗಟ್ಟಿ ಮಾಡಿ, ಹಿಂದೆ ಮುಂದೆ ಮಡಿಸಿ ಪುಸ್ತಕದಂತೆ ಮಾಡುತ್ತಿದ್ದರು. ಬಳಪದ ಕಡ್ಡಿಯಿಂದ ಬರೆದರೆ ಕರಿಯ ಮೇಲೆ ಬಿಳಿ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಬೇಕೆಂದು ಕಟ್ಟಿಟ್ಟರೆ ನೂರಾರು ವರ್ಷ ಬಾಳುತ್ತದೆ. ಕೂಡ್ಲಿಗಿ ಸೀಮೆಯ ಹುಣಸೆ ತೋಪುಗಳನ್ನು ಕಂಡಾಗಲೆಲ್ಲ ನನಗೆ ಹುಳಿಗಿಂತ ಮೊದಲು ಕಡತ ನೆನಪಾಗುತ್ತದೆ. ಹಣ್ಣು ಸಾರಿಗೆ, ಬೀಜ ಲೆಕ್ಕಕ್ಕೆ.

ಇನ್ನೂ ಒಂದಿದೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಸುತ್ತಾರೆ. ಮೇಲೆ ಕರಿ ಮಸಿಯ ಉಂಡೆ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗುತ್ತದೆ, ಕೆತ್ತಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಹರಪನಹಳ್ಳಿ ತಾಲೂಕಿನ ಬಾಗಳಿ, ಹಡಗಲಿ ತಾಲೂಕಿನ ಕುರುವತ್ತಿ, ಈ ಗುಡಿಗಳ ಕಲ್ಲುಗಳೆಲ್ಲ ಹೀಗೇ ಕಾಗದಕ್ಕೆ ಬಂದವು. ಮುಂದೆ ಅವು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ ಅದು. ಮೊದಲ ಭಾಗ ಬಂದದ್ದು 1939ರಲ್ಲಿ, ಎರಡನೆಯದು 1941ರಲ್ಲಿ. ಮೊದಲ ಭಾಗದ ಸಂಪಾದಕರಲ್ಲಿ ಒಬ್ಬರು ಆರ್. ಶಾಮಶಾಸ್ತ್ರಿಗಳು. ಹೌದು, ಮೈಸೂರಿನಲ್ಲಿ ತಾಡವೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಕಂಡು 1909ರಲ್ಲಿ ಅಚ್ಚುಹಾಕಿಸಿದ ಅದೇ ಶಾಮಶಾಸ್ತ್ರಿಗಳು. ಜಗತ್ತಿಗೆ ಕೌಟಿಲ್ಯನನ್ನು ಕೊಟ್ಟ ಕಣ್ಣು ನಮ್ಮ ಬಾಗಳಿಯ ಕಲ್ಲನ್ನೂ ಓದಿತೆಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎಲ್ಲಿದ್ದೆ? ಹಾಂ, ಸುರುಳಿಯಲ್ಲಿ. ಹುಡುಕಬೇಕಾದದ್ದು ಫೆಬ್ರುವರಿ ನಡುವಿನ ದಿನಗಳು. ಆ ವರ್ಷದ ಭರತ ಹುಣ್ಣಿಮೆ ಫೆಬ್ರುವರಿ 10ಕ್ಕೆ ಬಂದಿತ್ತು. ಸುರುಳಿ ಶುರುವಾಗುವುದು ಜನವರಿ ಒಂದರಿಂದ. ನೇರವಾಗಿ ಫೆಬ್ರುವರಿಗೆ ಹಾರುವಂತಿಲ್ಲ. ಜನವರಿಯನ್ನು ದಾಟಿಯೇ ಹೋಗಬೇಕು. ಈಗ ಫೋನಿನಲ್ಲಿ ಒಂದು ಪದ ಒತ್ತಿದರೆ ಆ ಪದವೇ ಎದುರಿಗೆ ಬಂದು ನಿಲ್ಲುತ್ತದೆ, ದಾರಿಯಿಲ್ಲದ ಪಯಣ. ಸುರುಳಿ ಹಾಗಲ್ಲ. ಅದು ಹೊಸಪೇಟೆಯಿಂದ ಕೊಟ್ಟೂರಿಗೆ ಬರುವ ಪ್ಯಾಸೆಂಜರ್ ರೈಲು. ನಡುವಿನ ನಿಲ್ದಾಣಗಳನ್ನೆಲ್ಲ ತೋರಿಸಿಯೇ ಊರಿಗೆ ಬಿಡುತ್ತದೆ. ನಾನು ಶೇಂಗಾ ಧಾರಣೆ ಓದಿದೆ. ‘ಕಸ್ತೂರಿ ನಿವಾಸ’ದ ಜಾಹೀರಾತು ನೋಡಿದೆ. ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಗೆ ನಡೆದ ಭಾಷಣಗಳನ್ನು ಓದಿದೆ. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ. ಒಂದು ಪುಟದ ಮೂಲೆಯಲ್ಲಿ ಕಾಣೆಯಾದ ಎತ್ತಿನ ಪ್ರಕಟಣೆ ಇತ್ತು: ಬಣ್ಣ, ಕೊಂಬಿನ ಆಕಾರ, ಹಣೆಯ ಚುಕ್ಕೆ, ಎಲ್ಲ ವಿವರವೂ. ಆ ಎತ್ತು ಸಿಕ್ಕಿತೋ ಇಲ್ಲವೋ ಎಂದು ಮುಂದಿನ ಹದಿನೈದು ದಿನದ ಪತ್ರಿಕೆ ಹುಡುಕಿದೆ. ಸಿಕ್ಕ ಸುದ್ದಿ ಸಿಗಲಿಲ್ಲ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟವರು. 1931ರಲ್ಲಿ ಪುಸ್ತಕವಾಗಿ ಬಂದ ಆ ಐದರಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸು ಎನ್ನುವುದು. ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲೇ ಗ್ರಂಥಾಲಯ ತರಬೇತಿಯ ಕೇಂದ್ರ ಕಟ್ಟಿದರು. ಅಂಥ ದೊಡ್ಡವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೈಕ್ರೋಫಿಲ್ಮ್ ಕೋಣೆಯಲ್ಲಿ ಓದುಗನ ಸಮಯ ಉಳಿಯುವುದಿಲ್ಲ, ಬೆಳೆಯುತ್ತದೆ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ 1962ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಇಳಿದದ್ದು ಒಂದು ತಮಿಳು ವ್ಯಾಕರಣ ಹುಡುಕಿಕೊಂಡು. ಕೈಗೆ ಬಂದದ್ದು ಸಂಗಂ ಕಾಲದ ಕುರುಂತೊಗೈ ಕವಿತೆಗಳು. ಆ ಕವಿತೆಗಳ ಇಂಗ್ಲಿಷ್ ಅನುವಾದವೇ ಅವರ ಹೆಸರನ್ನು ಲೋಕಕ್ಕೆ ಹಬ್ಬಿಸಿತು. ಹುಡುಕಿದ್ದೇ ಸಿಕ್ಕಿದ್ದರೆ?

ಚಿಕಾಗೊ ಅಂದೆನಲ್ಲ, ಅಲ್ಲಿಗೆ ಕನ್ನಡ ಪುಸ್ತಕ ಹೋದ ಕಥೆಯಲ್ಲಿ ಗೋಧಿ ಇದೆ. ನಮ್ಮ ವಯಸ್ಸಿನವರಿಗೆ ಅಮೆರಿಕದ ಗೋಧಿ ಗೊತ್ತು. ಪಿಎಲ್ 480 ಎಂಬ 1954ರ ಅಮೆರಿಕನ್ ಕಾಯಿದೆಯ ಪ್ರಕಾರ ಬಂದ ಗೋಧಿ. ಅದರ ಬೆಲೆಯನ್ನು ಭಾರತ ಡಾಲರಿನಲ್ಲಲ್ಲ, ರೂಪಾಯಿಯಲ್ಲೇ ಕೊಟ್ಟಿತು. ಆ ರೂಪಾಯಿಯನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ, ಇಲ್ಲೇ ಖರ್ಚು ಮಾಡಬೇಕು. ಹಾಗಾಗಿ ಒಂದು ಪಾಲಿನಲ್ಲಿ ಪುಸ್ತಕ, ಪತ್ರಿಕೆ ಕೊಳ್ಳೋಣ ಎಂದರು. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ನಮ್ಮ ಭಾಷೆಗಳಲ್ಲಿ ಅಚ್ಚಾದದ್ದನ್ನು ಗೋಣಿಗಟ್ಟಲೆ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಪತ್ರಿಕೆಗಳನ್ನು ಅದೇ ಕಚೇರಿ ಮೈಕ್ರೋಫಿಲ್ಮ್ ಮಾಡಿತು. ಹಗರಿಬೊಮ್ಮನಹಳ್ಳಿಯ ರೇಷನ್ ಅಂಗಡಿಯಲ್ಲಿ ಚೀಲ ಹಿಡಿದು ನಿಂತ ತಾಯಿ ಎಣಿಸಿ ಕೊಟ್ಟ ಚಿಲ್ಲರೆಯಲ್ಲಿ ಒಂದು ಕಾಸು ಯಾವುದೋ ಕನ್ನಡ ಕಾದಂಬರಿಯನ್ನು ಸಾಗರದಾಚೆ ಕಾಪಾಡಿದೆ. ಇದನ್ನು ನೆನೆದರೆ ನನಗೆ ಆ ತಾಯಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಫಿಲ್ಮಿನಲ್ಲಿ ಅಕ್ಷರ ಅಡಗಿಸುವ ವಿದ್ಯೆ ನಮ್ಮ ಟೆಂಟ್ ಸಿನಿಮಾಕ್ಕಿಂತ ಹಳೆಯದು. 1870ರಲ್ಲಿ ಜರ್ಮನರ ಸೇನೆ ಪ್ಯಾರಿಸ್ ನಗರವನ್ನು ಮುತ್ತಿದಾಗ ರೆನೆ ದಾಗ್ರೋಂ ಎಂಬ ಫೋಟೋಗ್ರಾಫರ್ ಸಾವಿರಾರು ಪತ್ರಗಳನ್ನು ಪುಟ್ಟ ಫಿಲ್ಮಿಗೆ ಇಳಿಸಿ, ಪಾರಿವಾಳದ ಬಾಲದ ಗರಿಗೆ ಕಟ್ಟಿ ಕಳಿಸಿದ. ಅವು ನಗರದೊಳಗೆ ತಲುಪಿದ ಮೇಲೆ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ, ಗುಮಾಸ್ತರು ಕೂತು ನಕಲು ಮಾಡಿ ಮನೆಮನೆಗೆ ಹಂಚಿದರು. ಅಲ್ಲೂ ಗೋಡೆ, ಅಲ್ಲೂ ಬೆಳಕು. ನಮಗಿದ್ದಂತೆ ಅಜ್ಜನ ಪಂಚೆ ಅವರಿಗಿತ್ತೋ ಏನೋ.

ಸುರುಳಿಗೆ ಒಬ್ಬ ತಮ್ಮನಿದ್ದಾನೆ, ಮೈಕ್ರೋಫಿಷ್. ಫಿಷ್ ಎಂದರೆ ಫ್ರೆಂಚಿನಲ್ಲಿ ಚೀಟಿ. ಅಂಚೆ ಕಾರ್ಡಿನಷ್ಟು, 105 ಮಿಲಿಮೀಟರ್ ಅಗಲ 148 ಮಿಲಿಮೀಟರ್ ಉದ್ದದ ಫಿಲ್ಮಿನ ಹಾಳೆ. ಏಳು ಸಾಲು, ಸಾಲಿಗೆ ಹದಿನಾಲ್ಕು ಮನೆ, ಒಟ್ಟು 98 ಪುಟ. ಮೇಲಿನ ಅಂಚಿನಲ್ಲಿ ಪುಸ್ತಕದ ಹೆಸರು ಬರಿಗಣ್ಣಿಗೆ ಕಾಣುವಂತೆ, ಉಳಿದದ್ದೆಲ್ಲ ಗಸಗಸೆಯಷ್ಟು. ಕೊಟ್ಟೂರಿನ ತೇರಿನಲ್ಲಿ ಅಕ್ಕಿ ಕಾಳಿನ ಮೇಲೆ ಹೆಸರು ಬರೆದುಕೊಡುವವನ ಮುಂದೆ ಮಕ್ಕಳು ಮುಗಿಬೀಳುತ್ತಾರಲ್ಲ, ಅವನಿಗೆ ಇದನ್ನು ತೋರಿಸಬೇಕು. ಹಾಲೆಂಡಿನ ಲೈಡನ್ನಿನಲ್ಲಿದ್ದ ಐಡಿಸಿ ಎಂಬ ಕಂಪನಿ ಬ್ರಿಟಿಷ್ ಇಂಡಿಯಾದ ಗೆಜೆಟಿಯರುಗಳನ್ನು ಹೀಗೆ ಫಿಷ್ ಮಾಡಿ ಜಗತ್ತಿನ ಗ್ರಂಥಾಲಯಗಳಿಗೆ ಮಾರಿತು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರು ಅಂಥ ಒಂದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲೂಕುಗಳ ಕೆರೆ, ಬಾವಿ, ಬರ, ಜಾತ್ರೆಗಳ ವಿವರವುಳ್ಳ ಪುಸ್ತಕ. ನಮ್ಮೂರಿನ ಓದುಗನ ಕೈಗೆ ಸುಲಭವಾಗಿ ಸಿಗದ ಅದು ಯುರೋಪಿನ ಯಾವುದೋ ಉಕ್ಕಿನ ಡ್ರಾಯರಿನಲ್ಲಿ ತಣ್ಣಗೆ ಮಲಗಿತ್ತು.

ನಮ್ಮ ಸೀಮೆಯ ಕಷ್ಟ ಇದೇ ನೋಡಿ. ನಮ್ಮ ಕಾಗದಗಳೆಲ್ಲ ಬೇರೆಯವರ ಮನೆಯಲ್ಲಿವೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಕಲೆಕ್ಟರನಾಗಿ ಊರೂರು ತಿರುಗಿ ಕಂದಾಯ ಕಟ್ಟಿದ. ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ ಓದಿದವರಿಗೆ ಆ ಮನ್ರೋ ಮನೆಯ ಹಿರಿಯನಷ್ಟು ಪರಿಚಯ. ಕಂಪನಿಯ ಸರ್ವೇಯರ್ ಕರ್ನಲ್ ಮೆಕೆಂಜಿಯ ಜನ ಊರ ಚರಿತ್ರೆಯ ಕೈಫಿಯತ್ತು ಬರೆಸಿಕೊಂಡು ಹೋದರು. ಅವನು 1821ರಲ್ಲಿ ತೀರಿಕೊಂಡ ಮೇಲೆ ಕಂಪನಿ ಒಂದು ಲಕ್ಷ ರೂಪಾಯಿ ಕೊಟ್ಟು ಆ ಸಂಗ್ರಹವನ್ನು ಅವನ ವಿಧವೆಯಿಂದ ಕೊಂಡಿತು. ಒಂದು ಪಾಲು ಲಂಡನ್ನಿಗೆ, ಒಂದು ಪಾಲು ಮದರಾಸಿಗೆ. ನೂರೈವತ್ತು ವರ್ಷ ನಾವು ಮದರಾಸಿನವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ನಾವು ಮೈಸೂರಿಗೆ ಬಂದೆವು. ಕಾಗದಗಳು ಮಾತ್ರ ಬರಲಿಲ್ಲ; ಹಳೆಯ ದಾಖಲೆಗಳು ಇವತ್ತಿಗೂ ಚೆನ್ನೈನ ಎಗ್ಮೋರಿನ ದಫ್ತರಖಾನೆಯಲ್ಲಿವೆ.

ಹರಪನಹಳ್ಳಿಯವರದಂತೂ ಹೇಳತೀರದು. ಮದರಾಸಿನ ಬಳ್ಳಾರಿ, ಮೈಸೂರಿನ ಬಳ್ಳಾರಿ, 1997ರಲ್ಲಿ ದಾವಣಗೆರೆ, ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಇದ್ದಲ್ಲೇ ಇದೆ, ಜಿಲ್ಲೆಗಳೇ ಅದರ ಮೇಲೆ ಹಾದುಹೋದವು. ಒಂದು ಹೊಲದ ಚರಿತ್ರೆ ಬರೆಯಬೇಕಾದರೂ ಚೆನ್ನೈ, ಬಳ್ಳಾರಿ, ದಾವಣಗೆರೆ, ಹೊಸಪೇಟೆ ಸುತ್ತಬೇಕು. ಹೆಳವರು ಎತ್ತಿನ ಮೇಲೆ ಬಂದು ನಮ್ಮ ಏಳು ತಲೆಮಾರನ್ನು ಅಂಗಳದಲ್ಲೇ ನಿಂತು ಹೇಳುತ್ತಾರಲ್ಲ, ಹಾಗೆ ಈ ದಾಖಲೆಗಳು ನಮ್ಮಲ್ಲಿಗೇ ಬರುವಂತಿದ್ದರೆ! ಮೈಕ್ರೋಫಿಲ್ಮಿನ ಹೆಚ್ಚುಗಾರಿಕೆ ಅದೇ. ಮೂಲ ಎಲ್ಲಿದ್ದರೂ ಇರಲಿ, ಅದರ ಪ್ರತಿ ಒಂದು ಡಬ್ಬಿಯಲ್ಲಿ ಎತ್ತಿನ ಮೇಲೂ ಬರಬಲ್ಲದು.

ಈಗ ಎಲ್ಲ ಕಂಪ್ಯೂಟರಿಗೆ ಬಂದಿದೆಯಲ್ಲ, ಇನ್ನೂ ಈ ಫಿಲ್ಮೇಕೆ ಎಂದು ನೀವು ಕೇಳಬಹುದು. ಕಂಪ್ಯೂಟರಿಗೆ ಬಂದದ್ದು ಒಳ್ಳೆಯದೇ. ಮನೆಯಲ್ಲಿ ಕೂತು ನಾನೂ ಓದುತ್ತೇನೆ. ಆದರೆ ಪಾಲಿಯೆಸ್ಟರ್ ಫಿಲ್ಮನ್ನು ಸರಿಯಾಗಿ ತೊಳೆದು, ತಣ್ಣನೆಯ ಒಣ ಕೋಣೆಯಲ್ಲಿಟ್ಟರೆ 500 ವರ್ಷ ಬಾಳುತ್ತದೆ ಎಂಬುದು ಬಲ್ಲವರ ಲೆಕ್ಕ. ಹಳೆಯ ಅಸಿಟೇಟ್ ಫಿಲ್ಮು ಅಷ್ಟು ಬಾಳುವುದಿಲ್ಲ; ಸೆಖೆಗೆ ಕೆಟ್ಟರೆ ಡಬ್ಬಿ ತೆರೆದ ಕೂಡಲೇ ವಿನಿಗರ್ ವಾಸನೆ ಹೊಡೆಯುತ್ತದೆ, ಹುಳಿ ಬಂದ ಹಿಟ್ಟಿನ ಹಾಗೆ. ಕೆಡದೆ ಉಳಿದ ಫಿಲ್ಮನ್ನು ಓದಲು ಪಾಸ್‌ವರ್ಡ್ ಬೇಡ, ಸಾಫ್ಟ್‌ವೇರ್ ಬೇಡ. ಬೆಳಕು ಬೇಕು, ಮಸೂರ ಬೇಕು. ಕೊನೆಗೆ ಏನೂ ಇಲ್ಲದಿದ್ದರೆ ನೀರು ತುಂಬಿದ ಬಲ್ಬು, ಕನ್ನಡಿ, ಬಿಸಿಲು. ಬಿಸಿಲಿಗೆ ನಮ್ಮಲ್ಲಿ ಬರವೇ? ಒಂದು ತಪ್ಪು ಮಾತ್ರ ಆಗಬಾರದು. ಅಮೆರಿಕದಲ್ಲಿ ಫಿಲ್ಮ್ ಆಯಿತಲ್ಲ ಎಂದು ಮೂಲ ಪತ್ರಿಕೆಗಳ ಸಂಪುಟಗಳನ್ನೇ ಗ್ರಂಥಾಲಯಗಳು ವಿಲೇವಾರಿ ಮಾಡಿದವು. ನಿಕೋಲ್ಸನ್ ಬೇಕರ್ ಎಂಬ ಲೇಖಕ 2001ರಲ್ಲಿ ‘ಡಬಲ್ ಫೋಲ್ಡ್’ ಎಂಬ ಪುಸ್ತಕ ಬರೆದು ಅದನ್ನು ಖಂಡಿಸಿದ. ಅವನು ಹೇಳಿದ್ದು ಸರಿ. ಫೋಟೋ ತೆಗೆಸಿಕೊಂಡೆವೆಂದು ಅಜ್ಜಿಯನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ?

ಮೂರನೆಯ ದಿನ ನಾನು ಫೆಬ್ರುವರಿಗೆ ಬಂದೆ. ಹತ್ತು, ಹನ್ನೊಂದು, ಹನ್ನೆರಡು. ಕೈ ತಾನಾಗಿ ನಿಧಾನವಾಯಿತು. ಒಂದು ಪುಟದ ಅಂಚಿನಲ್ಲಿ ಹೆಬ್ಬೆರಳೊಂದು ಕಂಡಿತು. ಫಿಲ್ಮ್ ತೆಗೆಯುವಾಗ ಪುಟ ಮೇಲೇಳದಂತೆ ಯಾರೋ ಒತ್ತಿ ಹಿಡಿದಿದ್ದಾರೆ. ನೆಗೆಟಿವಿನಲ್ಲಿ ಬೆರಳಿಗಿಂತ ಉಗುರು ಕಪ್ಪಾಗಿ, ಗೆರೆಗಳು ಸ್ಪಷ್ಟವಾಗಿ. ಹೆಸರಿಲ್ಲ, ಊರಿಲ್ಲ. ದಿನಕ್ಕೆ ನೂರಾರು ಪುಟ ಹೊರಳಿಸಿ, ಒಂದೊಂದಕ್ಕೂ ದೀಪ ಹಾಕಿ, ಗುಂಡಿ ಒತ್ತಿ, ಮನೆಗೆ ಹೋಗಿ ಊಟ ಮಾಡಿ ಮಲಗಿದ ಯಾರೋ ಒಬ್ಬರ ಬೆರಳು. ಗುಡಿ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ಕಲ್ಲು ಹೊತ್ತವನದು ಇರುವುದಿಲ್ಲ. ನಾನು ಆ ಚಿತ್ರದ ಮುಂದೆ ಬಹಳ ಹೊತ್ತು ಕೂತೆ.

ಮುಂದಿನ ಚಿತ್ರದಲ್ಲಿ ಪುಟ ಇರಲಿಲ್ಲ. ದೊಡ್ಡ ಅಕ್ಷರದ ಒಂದು ಹಲಗೆ ಮಾತ್ರ: ಪುಟ ಹರಿದಿದೆ. ಅದರ ಮುಂದಿನದೂ ಹಾಗೆಯೇ. ಫಿಲ್ಮ್ ಮಾಡುವ ಮೊದಲೇ ಯಾರೋ ಆ ಎರಡು ಹಾಳೆ ಕಿತ್ತುಕೊಂಡಿದ್ದರು. ಮೈಲಾರದ ಸುದ್ದಿ ಬರಬೇಕಾಗಿದ್ದ ದಿನವೇ. ಕಾರ್ಣಿಕ ಬೇಕೆಂದು ಕಿತ್ತರೋ, ಹಿಂಬದಿಯಲ್ಲಿ ಮತ್ತೇನಾದರೂ ಇತ್ತೋ! ಸುರುಳಿಯನ್ನು ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ಗ್ರಂಥಪಾಲಕರ ಕೈಗೆ ಕೊಟ್ಟು ಬಂದೆ. ಬಸ್ಸಿನಲ್ಲಿ ಕೂಡ್ಲಿಗಿ ದಾಟುವವರೆಗೆ ಮನಸ್ಸಿಗೆ ಅದೇ ಕಾಡಿತು. ಫಿಲ್ಮ್ ಕಾಪಾಡುವುದು ಉಳಿದದ್ದನ್ನು ಮಾತ್ರ. ಉಳಿಸುವವರು ಮೊದಲೇ ಬೇಕು.

ಅಂಥ ಒಬ್ಬರ ಕಥೆ ಹೇಳಿ ಏಳುತ್ತೇನೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕೋಟ್ಟೈಯೂರು ಎಂಬ ಊರಿದೆ. ಹೆಸರು ಕೇಳಿದರೆ ನಮ್ಮ ಕೊಟ್ಟೂರಿನ ಅಣ್ಣನೇ. ಅಲ್ಲಿ ರೋಜಾ ಮುತ್ತಯ್ಯ ಚೆಟ್ಟಿಯಾರ್ ಎಂಬವರಿದ್ದರು. ಅಂಗಡಿಗಳಿಗೆ ಬೋರ್ಡು ಬರೆಯುವ ಕಲಾವಿದರು. ಅವರು ಪುಸ್ತಕ, ಪತ್ರಿಕೆಗಳ ಜೊತೆಗೆ ನಾಟಕದ ಕರಪತ್ರ, ಮದುವೆಯ ಕರೆಯೋಲೆಗಳನ್ನೂ ಜೀವಮಾನವಿಡೀ ಕೂಡಿಟ್ಟರು. 1992ರಲ್ಲಿ ಅವರು ತೀರಿಕೊಂಡರು. ಚಿಕಾಗೊ ವಿಶ್ವವಿದ್ಯಾಲಯದವರು ಆ ಸಂಗ್ರಹವನ್ನು ಕೊಂಡರು, ಆದರೆ ಹೊತ್ತೊಯ್ಯಲಿಲ್ಲ. 1994ರಲ್ಲಿ ಚೆನ್ನೈನಲ್ಲೇ ಅವರ ಹೆಸರಿನ ಗ್ರಂಥಾಲಯವಾಯಿತು, ಮೈಕ್ರೋಫಿಲ್ಮ್ ಮಾಡುವ ಘಟಕವೂ ಅಲ್ಲೇ ಬಂತು. ತಮಿಳು ಅಚ್ಚಿನ ಚರಿತ್ರೆ ಬರೆಯುವವರು ಇಂದು ಆ ಬೋರ್ಡು ಬರೆಯುವವರ ಮನೆಯ ಕಾಗದಗಳ ಮುಂದೆ ಕೂರುತ್ತಾರೆ.

ನಮ್ಮಲ್ಲೇನು ಕಡಿಮೆ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹುಟ್ಟಿ, ಮರುವರ್ಷವೇ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಅಚ್ಚಿನ ಮೊಳೆಗಾಗಿ ನಮ್ಮ ಬಳ್ಳಾರಿಗೆ ಬಂದಿತ್ತು. ಆ ಪತ್ರಿಕೆಯ ಚರಿತ್ರೆಯನ್ನು ಬೆಳಕಿಗೆ ತಂದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು. ಕನ್ನಡವನ್ನು ನಗಿಸಿದ ಬೀchi ಅವರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ತೇರಿನ ಕಾಲದ ನಾಟಕ ಕಂಪನಿಗಳ ಕರಪತ್ರ, ಹೈಸ್ಕೂಲುಗಳ ವಾರ್ಷಿಕ ಸಂಚಿಕೆ, ತುಂಗಭದ್ರೆಯ ಹಿನ್ನೀರಿಗೆ ಹೋದ ಊರುಗಳ ಪರಿಹಾರದ ನೋಟೀಸು, ಹಡಗಲಿ ಮಲ್ಲಿಗೆ ಮಂಡಿಯ ಲೆಕ್ಕದ ಪುಸ್ತಕ, ತಾತನ ಕಡತ, ಇವೆಲ್ಲ ನಮ್ಮ ನಮ್ಮ ಅಟ್ಟದ ಮೇಲೇ ಇವೆ. ದಯವಿಟ್ಟು ರದ್ದಿಗೆ ಹಾಕಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ದೂರವೇನಲ್ಲ. ಅಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ, ಒಮ್ಮೆ ಒಯ್ದು ತೋರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ಮಾಡಿಕೊಳ್ಳಲಾದರೂ ಬಿಡಿ.

ಹಾಗೆ ಅಟ್ಟ ಹತ್ತಿದಾಗ ಇನ್ನೊಂದು ಕೆಲಸ ಮಾಡಿ. ಟ್ರಂಕಿನ ತಳಕ್ಕೆ ಹಾಸಿದ ಕಾಗದ, ದೇವರ ಫೋಟೋದ ಹಿಂದೆ ಅಂಟಿಸಿದ ಕಾಗದ, ಒಮ್ಮೆ ತಾರೀಕು ನೋಡಿ. 1971ರ ಫೆಬ್ರುವರಿ 11ರಿಂದ 15ರೊಳಗಿನ ಯಾವ ಕನ್ನಡ ಪತ್ರಿಕೆಯಾದರೂ ಸರಿ. ಮೈಲಾರದ ಸುದ್ದಿ ಇದ್ದರೆ ಕೊಟ್ಟೂರಿನ ಕಟ್ಟೆಗೆ ಬಂದು ಓದಿ ಹೇಳಿ. ಮಂಡಕ್ಕಿ ನಮ್ಮದು.